ಆಯಿ ಓಟಕ್ಕ ಮಗನ ಸಹಿ

ವಯಸ್ಸಾದ ಮ್ಯಾಲ ಮನುಷ್ಯಾಂದು ಎಲ್ಲಾ ನಿಧಾನ ಆಗ್ತದ ಅಂತ ಮಂದಿ ಹೇಳ್ತಾರ. ನನ್ನ ನಡಗಿ ನಿಧಾನ ಆಗ್ಯದ, ಖರೆ. ಆದರ ನಗಿಗೇಡು ಪ್ರಸಂಗಗಳು ಮಾತ್ರ ಮೊದಲಿಗಿಂತ ಜಲ್ದಿ ಜಲ್ದಿ ನನ್ನ ಹುಡುಕ್ಕೊಂಡು ಬರ್ಲಿಕತ್ತಾವ. ಈ ವರ್ಷ ಒಂದೇ ಒಂದು ಓಟದ ಸಲುವಾಗಿ ಎಷ್ಟು ಬಂದವು ಅಂದ್ರ, ನೆನಪು ಮಾಡ್ಕೊಂಡು ಹೇಳಬೇಕಾದ್ರ ರೊಟ್ಟಿ ಹಂಚಿನ ಮ್ಯಾಲೇ ಸೀದು ಹೋಗ್ತಾವ.

ಕಾಗದ

ನಾವಿರೋದು ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸದಾಗ. ನಮ್ಮ ಮನಿಯವರು ರೈಲ್ವೆದಾಗೇ ದುಡದು ರಿಟೈರ್ ಆದ್ರು, ಈಗ ಮಗ ಅಲ್ಲೇ ದುಡೀತಾನ. ಮಗ, ಸೊಸಿ, ನಾಲ್ಕನೇತ್ತಿ ಓದೋ ಮೊಮ್ಮಗಳು, ನಾವಿಬ್ಬರು, ಇಷ್ಟೇ ಮಂದಿ. ನಮ್ಮ ಕಡಿಗಿ ಅಜ್ಜಿಗಿ ಆಯಿ ಅಂತಾರ, ಅಜ್ಜಗ ಮುತ್ಯಾ ಅಂತಾರ.

ಒಂದಿನ ಮೊಮ್ಮಗಳು ಸಾಲಿಲಿಂದ ಒಂದು ಕಾಗದ ತಂದಳು. ಸಾಲ್ಯಾಗ ಆಟದ ದಿನ ಮಾಡ್ತಾರಂತ. ಅದ್ರಾಗ ಒಂದು ಓಟ ಹಿಂಗದ: ಮೊಮ್ಮಕ್ಕಳು ಕೈಯಾಗ ಕೋಲು ಹಿಡಕೊಂಡು ಅರ್ಧ ಮೈದಾನ ಓಡಿ ಬರ್ಬೇಕು, ಅಲ್ಲಿ ನಿಂತ ಅಜ್ಜನ ಕೈಯಾಗೋ ಅಜ್ಜಿ ಕೈಯಾಗೋ ಕೋಲು ಕೊಡಬೇಕು, ಉಳಿದರ್ಧ ನಾವು ಓಡಬೇಕು. ಕೆಳಗ ಅಪ್ಪನ ಸಹಿ ಬೇಕು.

ಮುತ್ಯಾಗ ಆಗ ತಾನೇ ಕಣ್ಣಿನ ಆಪರೇಶನ್ ಆಗಿತ್ತು, ಕರೇ ಕನ್ನಡಕ ಹಾಕ್ಕೊಂಡು ಕುಂತಿದ್ರು. ಅಂದ್ರ ಉಳಿದಾಕಿ ನಾನೇ. ಆದರ ಹೋದ ವರ್ಷ ಮೊಮ್ಮಗಳ ಜೋಡಿ ಅಂಗಳದಾಗ ಕುಂಟಾಟ ಆಡ್ಲಿಕ್ಕೆ ಹೋಗಿ ನಾ ಬಿದ್ದಿದ್ದೆ. ಅವತ್ತಿಂದ ನಮ್ಮ ಮಗ ನನಗ ಗಾಜಿನ ಬರಣಿ ಇಟ್ಟಂಗ ಇಟ್ಟಾನ. ಕಾಗದ ನೋಡಿದಾಂವನೇ ಸಹಿ ಮಾಡ್ಲಿಲ್ಲ, ನನ್ನ ದವಾಖಾನಿಗಿ ಕರಕೊಂಡು ಹೋದ.

ಡಾಕ್ಟರ್ ಹೆಣ್ಮಗಳು ಭಾಳ ಸಮಾಧಾನದಾಕಿ. ಮೊಳಕಾಲು ಒತ್ತಿ ನೋಡಿ, "ಅಮ್ಮಾ, ಮೊಳಕಾಲು ಜರಾ ಸವದಾವ. ದಿನಾ ಅರ್ಧ ತಾಸು ನಡೀರಿ. ಕುಂತಷ್ಟೂ ಹಿಡಕೋತಾವ" ಅಂದಳು.

ಮನಿಗಿ ಬಂದ ಕೂಡ್ಲೆ ಸೊಸಿ ಕೇಳಿದಳು, "ಡಾಕ್ಟರ್ ಏನಂದ್ರು?"

"ಮೊಳಕಾಲು ಸವದಾವ ಅಂದ್ರು" ಅಂದ ಮಗ.

"ಮುಂದಿಂದು ಹೇಳೋ" ಅಂದೆ.

"ಮುಂದ ಏನೂ ಅಂದಿಲ್ಲ."

ಮುತ್ಯಾ ಕರೇ ಕನ್ನಡಕದಾಗಿಂದೇ ಮಗನ ಕಡಿಗಿ ತಿರುಗಿ, "ಹಂಗಾದ್ರ ಇವನ ಕಿವಿನೂ ಸವದಾವ. ಹೋದ ದವಾಖಾನಿಗಿ ಇವಂದೂ ಒಂದು ಚೀಟಿ ಮಾಡಸ್ಬೇಕಿತ್ತು" ಅಂದ್ರು.

ಮಗ ನಗಲಿಲ್ಲ. "ಸೇಡಂ ಆಯಿಗಿ ಕರಸೂಣು. ಅಕಿ ಓಡ್ಲಿ" ಅಂದ. ಸೇಡಂ ಆಯಿ ಅಂದ್ರ ಸೊಸಿ ಅವ್ವ, ನಮ್ಮ ಬೀಗತಿ. ನನಗಿಂತ ಹತ್ತು ವರ್ಷ ಸಣ್ಣಾಕಿ, ಇನ್ನೂ ಹೊಲದಾಗ ತೊಗರಿ ಕೊಯ್ತಾಳ. ಅಕಿ ಓಡಿದ್ರ ಗೆಲ್ತಾಳ, ಅದು ನನಗೂ ಗೊತ್ತು. ಆದರ ಮೊಮ್ಮಗಳು ನನ್ನ ಸೆರಗು ಹಿಡಕೊಂಡು ಮೆಲ್ಲಕ, "ನನಗ ನೀನೇ ಬೇಕು ಆಯಿ" ಅಂದಳು. ಅಷ್ಟಾದ ಮ್ಯಾಲ ನನಗ ಸುಮ್ಮನ ಕುಂದ್ರಲಿಕ್ಕೆ ಆಗ್ತದೇನು?

ಮಗ ಕಾಗದ ಮಡಚಿ ಕಪಾಟದ ಮ್ಯಾಲ ಇಟ್ಟ. "ನೋಡೂಣು" ಅಂದ. ನಮ್ಮ ಮನ್ಯಾಗ 'ನೋಡೂಣು' ಅಂತ ಇಟ್ಟ ಸಾಮಾನು ಮುಂದ ದೀಪಾವಳಿ ಸ್ವಚ್ಛತಾಕ್ಕೇ ಕೆಳಗ ಇಳೀತಾವ.

ಅರ್ಧ ತಾಸಿನ ನಡಗಿ

ಡಾಕ್ಟರ್ ಹೇಳಿದ್ದು ನನಗಂತೂ ಪೂರಾ ಕೇಳಿಸಿತ್ತು. ಮರುದಿನ ಮುಂಜಾನಿ ಎದ್ದಾಕಿನೇ ನಡೀಲಿಕ್ಕೆ ಹೊಂಟೆ. ನಮ್ಮ ರಸ್ತಾದ ಮ್ಯಾಲ ಸಿಮೆಂಟ್ ಲಾರಿಗಳು ಓಡಾಡ್ತಾವ, ಧೂಳು. ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಮಾತ್ರ ಉದ್ದಾಗದ, ನೆಟ್ಟಗದ, ಮ್ಯಾಲ ತಗಡಿನ ನೆರಳದ. ಪ್ಲಾಟ್‌ಫಾರ್ಮ್ ಟಿಕೇಟ್ ತಗೊಂಡು ಈ ತುದಿಲಿಂದ ಆ ತುದಿತನಕ ನಡಿಯೋದು, ತಿರುಗೋದು.

ನಾಲ್ಕನೇ ದಿನ ಒಂದು ಪ್ಯಾಸೆಂಜರ್ ಗಾಡಿ ಬಂದು ನಿಂತಿತ್ತು. ನಂದು ಕಡೀ ಸುತ್ತು. ಮೈ ಕಾದಿತ್ತು, ಸೆರಗು ಸೊಂಟಕ್ಕ ಸಿಗಿಸಿ ಬಿರಬಿರ ಹೊಂಟಿದ್ದೆ. ಅಷ್ಟರಾಗ ಗಾಡಿ ಸೀಟಿ ಹೊಡೀತು, ಮೆಲ್ಲಕ ಸರೀಲಿಕ್ಕೆ ಸುರು ಆತು. ನಾ ನನ್ನ ಪಾಡಿಗಿ ನಡೀಲಿಕತ್ತೀನಿ, ಗಾಡಿ ಬಾಜೂಕ ಬರ್ಲಿಕತ್ತದ.

"ಅರೆ, ಮುದುಕಿ ಗಾಡಿ ಹಿಡೀಲಿಕ್ಕೆ ಓಡ್ಲಿಕತ್ತದ! ಹಿಡೀರಿ, ಹಿಡೀರಿ!" ಅಂತ ಬಾಗಲದಾಗ ನಿಂತ ಒಬ್ಬಾಂವ ಕೂಗಿದ. ಒಬ್ಬಾಂವ ಬಲಗೈ ಹಿಡದ, ಇನ್ನೊಬ್ಬಾಂವ ಎಡಗೈ ಹಿಡದ, ಜ್ವಾಳದ ಚೀಲ ಎತ್ತಿದಂಗ ನನ್ನ ಎತ್ತಿ ಡಬ್ಬಿ ಒಳಗ ಇಟ್ರು.

"ನಾ ಎಲ್ಲಿಗೂ ಹೋಗಾಕಿ ಅಲ್ರಪ್ಪಾ!" ಅಂದೆ.

"ಹೆದರಬ್ಯಾಡ್ರಿ ಅಮ್ಮಾ, ಗಾಡಿ ಸಿಕ್ಕದ. ಏ ತಮ್ಮಾ, ಏಳು, ಅಮ್ಮಗ ಜಾಗಾ ಕೊಡು."

ಒಬ್ಬಾಕಿ ಹೆಣ್ಮಗಳು ಬೆನ್ನು ಸವರಿದಳು, ಇನ್ನೊಬ್ಬಾಕಿ ನೀರು ಕೊಟ್ಟಳು. ನನ್ನ ಎತ್ತಿದ ಇಬ್ಬರ ಮಾರಿ ನೋಡ್ಬೇಕಿತ್ತು. ಜೀವ ಉಳಿಸಿದ ಖುಷಿ. "ಟೈಮಿಗಿ ಹಿಡದಿವಿ, ಇಲ್ಲಾಂದ್ರ ಏನ್ ಗತಿ" ಅಂತ ಡಬ್ಬಿತುಂಬ ಹೇಳಿಕೋತ ಹೊಂಟಿದ್ರು. ಅಷ್ಟು ಛಲೋ ಕೆಲಸ ಮಾಡಿದ ಮಂದಿಗಿ, ಅಪ್ಪಾ ನೀವು ತಪ್ಪು ಮಾಡೀರಿ ಅಂತ ಹೇಳ್ಲಿಕ್ಕೆ ನನಗ ಬಾಯೇ ಬರ್ಲಿಲ್ಲ. "ದೇವರು ನಿಮಗ ಛಲೋ ಇಟ್ಟಿರಲಿ" ಅಂದೆ, ಶಹಾಬಾದಿನಾಗ ಇಳದೆ.

ಇಳದು ಮಗನಿಗಿ ಫೋನ್ ಹಚ್ಚಿದೆ.

"ಅವ್ವಾ, ಎಲ್ಲಿದ್ದಿ? ನಾಷ್ಟಾ ಆರ್ಲಿಕತ್ತದ."

"ಶಹಾಬಾದದಾಗ."

"ಏನು! ನಡೀಲಿಕ್ಕೆ ಹೋಗ್ತೀನಿ ಅಂದಿದ್ದಿ!"

"ನಡೀಲಿಕ್ಕೇ ಬಂದಿದ್ದೆಪ್ಪ."

ಹಿಂದಿನಿಂದ ನಮ್ಮ ಮನಿಯವರ ದನಿ ಕೇಳಿಸ್ತು: "ಡಾಕ್ಟರ್ ಅರ್ಧ ತಾಸು ನಡೀ ಅಂದಾರ, ತಾಲೂಕ ದಾಟು ಅಂದಿಲ್ಲ ಅಂತ ಹೇಳು ಅಕಿಗಿ."

ಏಳು ಕಲ್ಲು

ಶಹಾಬಾದದಾಗ ನನ್ನ ತಂಗಿ ಮನಿ ಅದ. ತಾ ಗಾಡಿ ತಗೊಂಡು ಬರೋತನಕ ಅಲ್ಲೇ ಕುಂದ್ರು ಅಂತ ಮಗ ಅಂದ, ಹೋದೆ. ಹೋದ್ರ ತಂಗಿ ಮನ್ಯಾಗ ನೆಲಕ್ಕ ಫರ್ಸಿ ಹಾಕಸ್ಲಿಕತ್ತಿದ್ರು. ಫರ್ಸಿ ಅಂದ್ರ ಅದೇ, ಇಡೀ ನಾಡಿಗಿ ಹೋಗೋ ಶಹಾಬಾದಿ ಕಲ್ಲು. ಗೌಂಡಿ ಚಹಾಕ್ಕ ಹೋಗಿದ್ದ. ತಂಗಿ ಮೊಮ್ಮಕ್ಕಳು ಅಂಗಳದಾಗ ಬಟ್ಟಿ ಚೆಂಡು ಹಿಡಕೊಂಡು ಸಪ್ಪಗ ನಿಂತಿದ್ವು.

"ಯಾಕೋ ಹುಡುಗೂರ್ಯಾ?"

"ಲಗೋರಿ ಆಡ್ಬೇಕು ಆಯಿ. ಕಲ್ಲು ಛಲೋ ಸಿಗವಲ್ವು."

ನಗು ಬಂತು ನನಗ. ಶಹಾಬಾದದಾಗ ನಿಂತು ಕಲ್ಲು ಇಲ್ಲ ಅಂತಾವಲ್ಲ! ಹೊಸ್ತಿಲದ ಬಾಜೂಕ ನೋಡಿದೆ. ಅಂಗೈ ಅಗಲದ ಏಳು ತುಂಡು, ಒಂದಕ್ಕಿಂತ ಒಂದು ಚೆಂದ ಕೊರದಿದ್ವು. ಗೌಂಡಿ ಕಡದು ಒಗದ ಚೂರು ಇರ್ಬೇಕು ಅಂದ್ಕೊಂಡೆ. ಒಂದರ ಮ್ಯಾಲ ಒಂದು ಒಟ್ಟಿದೆ. ಎರಡು ತಂಡ ಆದ್ವು. ನಮ್ಮ ತಂಡದ ಹುಡುಗೂರು ಚೆಂಡು ಒಗದು ಕಲ್ಲು ಬೀಳಸ್ತಾರ, ನಾ ಓಡಿ ಹೋಗಿ ಕೂಡಸ್ತೀನಿ. ಚೆಂಡು ಬೆನ್ನಿಗಿ ಬಡಿಯೋ ಒಳಗ ಏಳೂ ಕಲ್ಲು ನಿಂದ್ರಿಸಿ "ಲಗೋರಿ!" ಅಂತ ಕೂಗೋದು. ನಾಲ್ಕು ಆಟ ಆಡಿದ್ವಿ, ನಾಲ್ಕೂ ನಮ್ಮ ತಂಡದ್ದೇ.

ಐದನೇದು ನಡದಾಗ ಗೌಂಡಿ ಬಂದ. ಹೊಸ್ತಿಲ ನೋಡಿದ, ಅಂಗಳ ನೋಡಿದ, ತಲಿ ಮ್ಯಾಲ ಕೈ ಇಟ್ಟ.

"ಯವ್ವಾ! ಅವು ಮೂಲಿಗಿ ಕೂಡಸೋ ಕಲ್ಲು! ಅಳತಿ ಮಾಡಿ, ಒಂದೊಂದೇ ಉಜ್ಜಿ ಇಟ್ಟಿದ್ದೆ!"

ಎರಡು ತುಂಡಿನ ಮೂಲಿ ಹಾರಿದ್ವು. ನಾ ಚೆಂಡು ಹಿಂದ ಮುಚ್ಚಿಟ್ಕೊಂಡೆ. ಬರೋಬ್ಬರಿ ಆಗಲೇ ಮಗನ ಗಾಡಿ ಬಂದು ನಿಂತಿತು. ನನ್ನ ಸೆರಗಿನ ಧೂಳು ನೋಡಿದ, ಕಲ್ಲು ನೋಡಿದ.

"ಅವ್ವಾ, ನಿನಗ ಇಲ್ಲಿ ಕುಂದ್ರು ಅಂದಿದ್ದೆ" ಅಂದ. ಗೌಂಡಿಗಿ ಕೈ ಮುಗಿದ, "ತಪ್ಪಾತು ಅಣ್ಣಾ. ಏನ್ ಮಾಡ್ಬೇಕು ಹೇಳ್ರಿ."

ಗೌಂಡಿ ನನ್ನ ಮ್ಯಾಲಿಂದ ಕೆಳಗ ನೋಡಿದ. "ಈ ಏಳು ಕಲ್ಲು ಕೂಡಸ್ಲಿಕ್ಕೆ ನನಗ ಮುಂಜಾನಿಂದ ಹೊತ್ತು ಹೋಗ್ಯದ. ನಿಮ್ಮ ಅವ್ವ ಕಣ್ಣು ಮುಚ್ಚಿ ತೆರಿಯೋದ್ರಾಗ ಕೂಡಿಸ್ಯಾಳ. ಬ್ಯಾರೆ ಏನೂ ಬ್ಯಾಡ್ರಿ, ನಾಳಿಂದ ಅಕಿನ್ನ ಕೆಲಸಕ್ಕ ಕಳಸ್ರಿ."

ಮಗ ನನ್ನ ಮನಿಗಿ ಕರಕೊಂಡು ಬಂದ. ಕಾಗದ ಕಪಾಟದ ಮ್ಯಾಲೇ ಇತ್ತು.

ಮುತ್ಯಾನ ತಾಲೀಮು

ಮತ್ತ ಪ್ಲಾಟ್‌ಫಾರ್ಮಿಗಿ ಹೋಗಬಾರದು ಅಂತ ಹುಕುಂ ಆತು. ನಮ್ಮ ಮನಿಯವರು, "ಮನಿ ಮುಂದಿನ ಓಣ್ಯಾಗೇ ನಡಿ, ನಾ ನೋಡ್ಕೋತೀನಿ" ಅಂದ್ರು. ಕಟ್ಟಿ ಮ್ಯಾಲ ಕುಂತು, ಕೈಯಾಗ ಗಡಿಯಾರ ಹಿಡಕೊಂಡು, ಕರೇ ಕನ್ನಡಕ ಹಾಕ್ಕೊಂಡು, ರೈಲ್ವೆದಾಗ ಇದ್ದಾಗಿನ ದನಿಲೇ ಹೇಳ್ತಿದ್ರು: "ಎರಡು ನಿಮಿಷ ಲೇಟ್. ನಾಳಿಗಿ ಸುಧಾರಸ್ಬೇಕು."

ಒಂದಿನ ಮುಂಜಾನಿ ಹೊರಗ ಅವರ ದನಿ ಭಾಳ ಖುಷಿಲೇ ಕೇಳಿಸ್ತು. "ಶಾಭಾಷ್! ಇವತ್ತ ಬಿಫೋರ್ ಟೈಮ್ ಬಂದಿ ನೋಡು! ಮದಿವಿ ಆದಾಗಿಂದ ನಿಂದು ಇಂಥ ನಡಗಿ ನೋಡಿದ್ದಿಲ್ಲ!"

ಆಮ್ಯಾಲ ಎದುರು ಮನಿ ಹೆಣ್ಮಗಳ ದನಿ, "ಅಣ್ಣಾ, ನಾನ್ರಿ, ನೀರು ತರ್ಲಿಕತ್ತೀನಿ..."

ನಾ ಇನ್ನೂ ಒಳಗ ರೊಟ್ಟಿ ಬಡೀಲಿಕತ್ತಿದ್ದೆ.

ಹಗ್ಗ

ಅಷ್ಟರಾಗ ಸೇಡಂ ಬೀಗರು ಬಂದ್ರು. ಐತವಾರ ಎಲ್ಲಾರೂ ಕೂಡಿ ಜೀಪ್ ಮಾಡ್ಕೊಂಡು ಚಿಂಚೋಳಿ ಕಡಿ ಚಂದ್ರಂಪಳ್ಳಿ ಡ್ಯಾಮಿಗಿ ಹೋಗೂಣು ಅಂದ್ರು. ಹೋದ್ವಿ. ಸಜ್ಜಿ ರೊಟ್ಟಿ, ಬದ್ನಿಕಾಯಿ, ಶೇಂಗಾ ಹಿಂಡಿ, ಮಸರು, ಎಲ್ಲಾ ಕಟ್ಟಿಕೊಂಡಿದ್ವಿ. ಗಿಡದ ನೆರಳಿಗಿ ಉಂಡ್ವಿ. ನೀರಿನ ಮ್ಯಾಲಿಂದ ತಣ್ಣಗ ಗಾಳಿ ಬರ್ತಿತ್ತು. ನನಗ ಅಲ್ಲೇ ಅಡ್ಡಾಗಬೇಕು ಅನಸ್ತಿತ್ತು.

ಮಗನ ತಲ್ಯಾಗ ಬ್ಯಾರೆ ಇತ್ತು. ಜೀಪಿನ ಸಾಮಾನು ಕಟ್ಟಿದ ಹಗ್ಗ ಬಿಚ್ಚಿದ. "ಹಗ್ಗ ಜಗ್ಗೂಣು. ವಾಡಿಯವರು ಈ ಕಡಿ, ಸೇಡಮದವರು ಆ ಕಡಿ" ಅಂದ. ಸೇಡಂ ಆಯಿ ಎಷ್ಟು ಗಟ್ಟಿ ಇದ್ದಾಳ ಅಂತ ನನಗ ತೋರಸ್ಬೇಕಿತ್ತು ಅವನಿಗಿ. ನಾ ತಿಳಕೊಳ್ಳಲಾರದಷ್ಟು ಹುಚ್ಚಿ ಅಲ್ಲ.

ಸೊಸಿ, "ಇತ್ತಾಗ ಅತ್ತಿ, ಅತ್ತಾಗ ಅವ್ವ. ನಾ ಯಾವ ಕಡಿನೂ ಬರಂಗಿಲ್ಲ" ಅಂತ ದೂರ ಗಿಡದ ಕೆಳಗ ಕುಂತ ಮುತ್ಯಾನ ಬಾಜೂಕ ಹೋಗಿ ನಿಂತಳು. ನಮ್ಮ ಕಡಿ ಎಲ್ಲಾರಕಿಂತ ಮುಂದ ನಾನು, ನನ್ನ ಹಿಂದ ಮೊಮ್ಮಗಳು, ಕಡಿಗಿ ಮಗ ಹಗ್ಗ ಸೊಂಟಕ್ಕ ಸುತ್ತಕೊಂಡು ನಿಂತ. ಆ ಕಡಿ ಬೀಗತಿ, ಅಕಿ ಹಿಂದ ಬೀಗರು, ಅವರ ಸಣ್ಣ ಮಗ.

ಬೀಗತಿ ತಲಿ ಮ್ಯಾಲಿನ ಸೆರಗು ಸರಿ ಮಾಡ್ಕೊಂಡು ಹಿಡದಳು ನೋಡ್ರಿ, ಎತ್ತು ಜಗ್ಗಿದಂಗ ಜಗ್ಗಿದಳು. ನಾ ಎರಡು ಹೆಜ್ಜಿ ಮುಂದ ಹೋದೆ. ಹಲ್ಲು ಕಚ್ಚಿ ನಾನೂ ಜಗ್ಗಿದೆ. "ಆಯಿ, ಜಗ್ಗು!" ಅಂತ ಮೊಮ್ಮಗಳು ಒದರ್ಲಿಕತ್ತಳು. ಮತ್ತೊಂದು ಹೆಜ್ಜಿ ಹೋತು. ಇನ್ನೇನು ಸೋತಿವಿ ಅನ್ನೋದ್ರಾಗ, ಬೀಗರಿಗಿ ಥಟ್ಟನ ಏನೋ ನೆನಪಾದಂಗ ಆತು.

"ಏ, ಬಿಡ್ರಿ, ಬಿಡ್ರಿ! ಗಂಡಿನ ಕಡ್ಯಾರಿಗಿ ಸೋಲಸ್ತಾರೇನು? ಮಂದಿ ಏನಂದಾರು!"

ಬೀಗತಿ ನಾಲಿಗಿ ಕಚ್ಚಿಕೊಂಡಳು. ಮೂರೂ ಮಂದಿ ಒಮ್ಮೆಗೇ ಹಗ್ಗ ಬಿಟ್ಟರು.

ನಾವು ಜಗ್ಗಿದ ಜೋರು ಎಲ್ಲಾ ನಮ್ಮ ಮ್ಯಾಲೇ ಬಂತು. ನಾ ಹಿಂದ, ಮೊಮ್ಮಗಳು ಬಾಜೂಕ, ಮಗ ಎಲ್ಲಾರಕಿಂತ ಕೆಳಗ. ನಾ ಬಿದ್ದದ್ದು ಮಗನ ಹೊಟ್ಟಿ ಮ್ಯಾಲ, ಹಾಸಿಗಿ ಮ್ಯಾಲ ಬಿದ್ದಂಗ ಬಿದ್ದೆ. ಬೀಗತಿ ಕೈ ಮುಗಕೋತ ಓಡಿ ಬಂದಳು. "ಶಿವಾ ಶಿವಾ, ತಪ್ಪಾತ್ರಿ ಬೀಗರ, ನಿಮಗ ಮರ್ಯಾದಿ ಕೊಡಬೇಕಂತ ಬಿಟ್ಟಿವಿ!"

ಕೆಳಗಿಂದ ಮಗ, "ಮರ್ಯಾದಿ ಸಾಕ್ರಿ ಅತ್ತಿ. ಮೊದಲು ನಮ್ಮ ಅವ್ವಗ ಎಬ್ಬಸ್ರಿ" ಅಂದ.

ನಾ ಎದ್ದು ಸೀರಿ ಝಾಡಿಸ್ಕೊಂಡೆ. ಮಗ ಏಳಲಿಲ್ಲ. ಸೊಂಟ ಹಿಡದಿತ್ತು. ಅವನಿಗಿ ಇಬ್ಬರು ಎತ್ತಿ ಜೀಪಿನಾಗ ಮಲಗಿಸಿದ್ರು. ಬೀಗತಿ ನನ್ನ ಬಾಜೂಕ ಕುಂತು ಕಿವ್ಯಾಗ ಹೇಳಿದಳು, "ಯಕ್ಕಾ, ಆ ಓಟ ನೀವೇ ಓಡ್ರಿ. ಹುಡುಗಿ ಬಾಯಿತುಂಬ ಬರೇ ನಿಮ್ಮ ಹೆಸರೇ ಅದ. ನಾ ಬಂದ್ರ ಸರಿ ಕಾಣಂಗಿಲ್ಲ."

ಮೂರು ದಿನ ಮಗ ಹಾಸಿಗಿ ಬಿಟ್ಟು ಏಳ್ಲಿಲ್ಲ. ನಾನೇ ಎಣ್ಣಿ ಕಾಯಿಸಿ ತಿಕ್ಕಿದೆ, ನಾನೇ ಉಪ್ಪಿನ ಶಾಖಾ ಕೊಟ್ಟೆ. ಮೊಮ್ಮಗಳು ಖುರ್ಚಿ ಏರಿ ಕಪಾಟದ ಮ್ಯಾಲಿನ ಕಾಗದ ತಗದಳು, ಪೆನ್ನು ತಂದಳು, ಅಪ್ಪನ ಮಾರಿ ಮುಂದ ಹಿಡದಳು. ಹೊಳ್ಳಲಿಕ್ಕೂ ಬರಲಾರದ ಮನುಷ್ಯಾ ಎಲ್ಲಿಗಿ ಓಡಿ ಹೋಗಬೇಕು? ಸಹಿ ಮಾಡಿದ. ಆದರ ಒಂದು ಕರಾರು ಹಾಕಿದ:

"ಅವ್ವಾ, ನೀ ಬಿದ್ದಿ ಅಂದ್ರ ಇದೇ ಕಡೀ ಆಟ. ಮುಂದ ಓಟ ಇಲ್ಲ, ಲಗೋರಿ ಇಲ್ಲ, ಅಂಗಳದಾಗ ಕುಂಟಾಟನೂ ಇಲ್ಲ. ಒಪ್ಪಿಗಿ ಏನು?"

"ಒಪ್ಪಿಗಿ" ಅಂದೆ.

ಬಿದ್ದು ಮಲಗಿದಾಂವ ನಿಂತಾಕಿಗಿ ಬೀಳಬ್ಯಾಡ ಅಂತ ಬುದ್ಧಿ ಹೇಳಿದ.

ಓಟ

ಆಟದ ದಿನ ಸಾಲಿ ಮೈದಾನದಾಗ ಸುಣ್ಣದ ಗೆರಿ ಹಾಕಿದ್ರು. ಮಗ ಸೊಂಟಕ್ಕ ಪಟ್ಟಾ ಕಟ್ಟಿಕೊಂಡು ಬಾಜೂಕ ನಿಂತಿದ್ದ, ಕಣ್ಣು ನನ್ನ ಕಾಲಿನ ಮ್ಯಾಲೇ. ಸೊಸಿ, ಮುತ್ಯಾ ಇಬ್ಬರೂ ಬಂದಿದ್ರು. ನಾ ಹೊಸಾ ಚಪ್ಪಲ್ ಹಾಕ್ಕೊಂಡಿದ್ದೆ. ಜಾರಬಾರದು ಅಂತ ಸೊಸಿ ಹಿಮ್ಮಡಕ್ಕ ಪಟ್ಟಿ ಇರೋದು ತಂದು ಕೊಟ್ಟಿದ್ದಳು.

ಓಟ ಮುಗಿಯೋ ಗೆರಿಗಿ ಹಚ್ಚೇ ಒಂದು ಖುರ್ಚಿ ಹಾಕಿದ್ರು. ಅದ್ರ ಮ್ಯಾಲ ಮಠದ ಅಯ್ಯನವರು ಕುಂತಿದ್ರು. ಗೆದ್ದವರಿಗಿ ಅಲ್ಲೇ ಆಶೀರ್ವಾದ ಮಾಡ್ಲಿ ಅಂತ ಸಾಲಿಯವರು ಛಲೋ ಮನಸ್ಸಿಲಿಂದೇ ಮಾಡಿದ್ರು. ಆದರ ಅದ್ರಾಗ ಒಂದು ತೊಡಕಿತ್ತು. ಅದು ಯಾರ ತಲಿಗೂ ಹೊಳದಿದ್ದಿಲ್ಲ.

ಸೀಟಿ ಹೊಡದ್ರು. ಹುಡುಗೂರು ಓಡಿ ಬಂದ್ವು. ನಮ್ಮ ಮೊಮ್ಮಗಳು ನಾಲ್ಕನೇದಾಕಿ ಬಂದು ಕೋಲು ನನ್ನ ಕೈಯಾಗ ಇಟ್ಟಳು. "ಆಯಿ, ಓಡು!"

ಓಡಿದೆ. ಖರೇನೇ ಓಡಿದೆ. ನನ್ನ ಮುಂದ ಮೂರು ಮಂದಿ: ಇಬ್ಬರು ಮುದುಕ್ಯಾರು, ಒಬ್ಬರು ರಿಟೈರ್ ಆದ ಮಾಸ್ತರು. ಗೆರಿ ಇನ್ನ ಹತ್ತು ಹೆಜ್ಜಿ ಇದ್ದಾಗ ಎಲ್ಲಾರಕಿಂತ ಮುಂದಿನಾಕಿಗಿ ಅಯ್ಯನವರು ಕಂಡ್ರು. ಅಕಿ ಗಕ್ಕನ ನಿಂತಳು. ಚಪ್ಪಲ್ ಬಿಟ್ಟಳು, ತಲಿ ಮ್ಯಾಲ ಸೆರಗು ಹೊದ್ದಳು. ಎರಡನೇದಾಕಿನೂ ನಿಂತಳು. ಮಾಸ್ತರು ಟೊಪಿಗಿ ತಗದು, ಬಗ್ಗಿ ಬೂಟಿನ ದಾರ ಬಿಚ್ಚಲಿಕ್ಕೆ ಕುಂತ್ರು.

ಪಿ.ಟಿ. ಮಾಸ್ತರು ಕೈ ಬೀಸಿ, "ನಿಲ್ಲಬ್ಯಾಡ್ರಿ! ಓಡ್ರಿ, ಓಡ್ರಿ!" ಅಂತ ಒದರ್ಲಿಕತ್ರು.

"ಅಯ್ಯನವರ ಮುಂದ ಚಪ್ಪಲ್ ಹಾಕ್ಕೊಂಡು ಓಡ್ಬೇಕೇನ್ರಿ ಮಾಸ್ತರ? ಏನ್ ಕಲಿಸ್ತೀರಿ ನೀವು ಹುಡುಗರಿಗಿ?" ಅಂತ ಆ ಮುಂದಿನಾಕಿ ತಿರುಗಿ ಬೈದಳು.

ನನಗ ಹಿಂದ ಮೊಮ್ಮಗಳ ದನಿ ಕೇಳಸ್ಲಿಕತ್ತಿತ್ತು, "ಆಯಿ! ಆಯಿ!" ನಿಂತರ ಓಟ ಹೋಗ್ತದ. ನಿಲ್ಲಲಿಲ್ಲಂದ್ರ ಮರ್ಯಾದಿ ಹೋಗ್ತದ. ಓಡಿಕೋತೇ ಚಪ್ಪಲ್ ಬಿಟ್ರಾತು ಅಂತ ವಿಚಾರ ಮಾಡಿದೆ. ಎಡಗಾಲು ಝಾಡಿಸಿದೆ, ಪಟ್ಟಿ ಜಾರಿ ಚಪ್ಪಲ್ ಹಾರಿ ಹೋತು. ಬಲಗಾಲು ಝಾಡಿಸಿದೆ, ಪಟ್ಟಿ ಬಿಡವಲ್ದು. ಎಡಗಾಲಿಲೇ ಬಲಗಾಲಿನ ಪಟ್ಟಿ ತುಳಿದೆ.

ಮುಂದ ನಾ ಓಡ್ಲಿಲ್ಲ. ಗಾಳ್ಯಾಗ ಇದ್ದೆ. ಮಗನ ಕರಾರು ನೆನಪಾತು. ಎದುರಿಗಿ ಅಯ್ಯನವರ ಪಾದ ಕಂಡ್ವು. ನೆಲ ಮುಟ್ಟೋದ್ರೊಳಗ ಕೋಲಿನ ಸಮೇತ ಎರಡೂ ಕೈ ಮುಗದೆ.

ಧೊಪ್ಪಂತ ಉದ್ದಕ್ಕ ಬಿದ್ದೆ. ನೆಲ ಹಿಂದಿನ ದಿನ ನೀರು ಹೊಡದು ಮೆತ್ತಗ ಮಾಡಿದ್ರು, ಮಣ್ಣು ಮೂಗಿಗಿ ಹತ್ತಿದ್ದು ಬಿಟ್ರ ಬ್ಯಾರೆ ಏನೂ ಆಗ್ಲಿಲ್ಲ. ಕಾಲು ಗೆರಿ ಈಚಿಗಿ, ತಲಿ ಗೆರಿ ಆಚಿಗಿ, ಮುಗದ ಕೈ ಅಯ್ಯನವರ ಪಾದದ ಮ್ಯಾಲ.

ಮಗ ಸೊಂಟ ಹಿಡಕೊಂಡು ಓಡಿ ಬಂದ. "ಬಿದ್ದಳು! ನಾ ಹೇಳಿದ್ದಿಲ್ಲ? ಬಿದ್ದಳು!"

ಮೊಮ್ಮಗಳು ನಡುವ ಬಂದು ಎರಡೂ ಕೈ ಅಗಲ ಮಾಡಿ ನಿಂತಳು. "ಬಿದ್ದಿಲ್ಲ ಅಪ್ಪಾ! ಉದ್ದಕ್ಕ ಮಲಗಿ ದೀಡ ನಮಸ್ಕಾರ ಹಾಕ್ಯಾಳ!"

ಪಿ.ಟಿ. ಮಾಸ್ತರು ಬಗ್ಗಿ ಗೆರಿ ನೋಡಿದ್ರು. "ಬಿದ್ದಾರೋ ನಮಸ್ಕಾರ ಮಾಡ್ಯಾರೋ ನನಗ ಗೊತ್ತಿಲ್ಲ. ತಲಿ ಗೆರಿ ದಾಟ್ಯದ. ಮೊದಲನೇ ನಂಬರ್ ಇವರದೇ" ಅಂದ್ರು.

ಮಗ ಬಿಡವಲ್ಲ. ಕೈ ಮುಗದು ಅಯ್ಯನವರಿಗೇ ಕೇಳಿದ, "ಅಪ್ಪಾರ, ನಿಮ್ಮ ಮುಂದೇ ಆಗ್ಯದ. ನೀವು ಹೇಳಿದ್ದೇ ಖರೆ. ಬಿದ್ದಾಳೋ, ನಮಸ್ಕಾರ ಮಾಡ್ಯಾಳೋ?"

ನಾ ಮಾರಿ ಎತ್ತಲಿಲ್ಲ. ಮುಂದಿನ ವರ್ಷದ ಓಟ, ಅಂಗಳದ ಕುಂಟಾಟ, ಎಲ್ಲಾ ಅವರ ಒಂದು ಮಾತಿನ ಮ್ಯಾಲ ನಿಂತಿತ್ತು. ಅಯ್ಯನವರು ಮಂದಿಗೆಲ್ಲಾ ಕೇಳಸೋಹಂಗ, "ಕೈ ಮುಗದಾಳ. ಕೈ ಮುಗದಾಕಿಗಿ ಬಿದ್ದಾಳ ಅಂತ ಅನಬಾರದು ತಮ್ಮಾ" ಅಂದ್ರು.

ಮೈದಾನತುಂಬ ಚಪ್ಪಾಳಿ. ಮೊಮ್ಮಗಳು ಕುಣೀಲಿಕತ್ತಳು. ಮಗ ಹೋಗಿ ನನ್ನ ಎಡಗಾಲಿನ ಚಪ್ಪಲ್ ಹುಡುಕಿದ.

ನನಗ ಎಬ್ಬಸ್ಲಿಕ್ಕೆ ಅಯ್ಯನವರೇ ಬಗ್ಗಿದ್ರು. ಬಗ್ಗಿ, ನನ್ನ ಕಿವಿಗಿ ಮಾತ್ರ ಕೇಳಸೋಹಂಗ ಅಂದ್ರು:

"ಯವ್ವಾ, ಮಠಕ್ಕ ಬಂದು ಮೂವತ್ತು ವರ್ಷ ಆತು. ಇಷ್ಟು ಅವಸರದಾಗ ಬಂದು ಯಾರೂ ನನಗ ನಮಸ್ಕಾರ ಮಾಡಿದ್ದಿಲ್ಲ."